ದೀರ್ಘ ಸೋಂಕಿನ ರೋಗಿಯಲ್ಲಿ ವೈರಸ್ ಬದಲಾಗುವುದನ್ನು ಗುರುತಿಸುವ ಬಗೆ

ಕೊರೊನಾ ತಗುಲಿದ ಹೆಚ್ಚಿನವರ ದೇಹದಿಂದ ವೈರಸ್ ಕೆಲವೇ ವಾರಗಳಲ್ಲಿ ಹೊರಟುಹೋಗುತ್ತದೆ. ಆದರೆ ರಕ್ತದ ಕ್ಯಾನ್ಸರಿಗೆ ರಿಟುಕ್ಸಿಮ್ಯಾಬ್‌ನಂತಹ ಔಷಧ ಪಡೆದು, ಪ್ರತಿಕಾಯಗಳ ಮೂಲವಾದ ಬಿ ಕೋಶಗಳನ್ನೇ ಕಳೆದುಕೊಂಡವರಲ್ಲಿ ಅದು ತಿಂಗಳುಗಟ್ಟಲೆ ಬೀಡುಬಿಡಬಲ್ಲದು. ಅಂಥ ರೋಗಿಯ ಮಾದರಿಗಳು ಪ್ರಯೋಗಾಲಯಕ್ಕೆ ಬಂದಾಗ ಮೊದಲು ಇತ್ಯರ್ಥವಾಗಬೇಕಾದದ್ದು, ಇದು ಹಳೆಯ ಸೋಂಕೇ, ಹೊಸದೇ ಎಂಬುದು. ಶೈತ್ಯದಲ್ಲಿ ಉಳಿಸಿಟ್ಟ ಮೊದಲ ಸ್ವಾಬನ್ನೂ ಇಂದಿನದನ್ನೂ ಸೀಕ್ವೆನ್ಸ್ ಮಾಡಿ, ಅಂದರೆ ವೈರಸ್ಸಿನ ಜೀನೋಮನ್ನು ಅಕ್ಷರ ಅಕ್ಷರವಾಗಿ ಓದಿ, ವಂಶವೃಕ್ಷದಲ್ಲಿ ಕೂರಿಸಿ. ಇಂದಿನದು ಮೊದಲಿನದರ ಕೊಂಬೆಯಿಂದಲೇ ಟಿಸಿಲೊಡೆದಿದ್ದರೆ ಸೋಂಕು ಹಳೆಯದು. ಊರಿನಲ್ಲಿ ಈಗ ಹಬ್ಬಿರುವ ಬೇರೆ ತಳಿಯ ಜೊತೆ ಸೇರಿಕೊಂಡರೆ ಮರುಸೋಂಕು.

ಮಾದರಿಗಳನ್ನು ಸಾಧ್ಯವಾದಷ್ಟು ಒಂದೇ ಜಾಗದಿಂದ, ಪ್ರತಿ ಚಿಕಿತ್ಸೆಯ ಮುನ್ನ ಮತ್ತು ನಂತರ ತೆಗೆಯಬೇಕು. ಗಂಟಲಿನಲ್ಲಿರುವ ವೈರಸ್ ಗುಂಪೂ ಶ್ವಾಸಕೋಶದ ಆಳದಲ್ಲಿರುವ ಗುಂಪೂ ಒಂದೇ ಆಗಿರಬೇಕೆಂದಿಲ್ಲವಾದ್ದರಿಂದ, ಜಾಗ ಬದಲಾದರೆ ಅಡಗಿದ್ದ ಗುಂಪನ್ನೇ ಹೊಸ ರೂಪಾಂತರವೆಂದು ತಪ್ಪು ತಿಳಿಯುವ ಸಂಭವವಿದೆ. ಸಿಟಿ ಮೌಲ್ಯ (ವೈರಸ್ ಪತ್ತೆಯಾಗಲು ಬೇಕಾದ ಪಿಸಿಆರ್ ಸುತ್ತುಗಳ ಸಂಖ್ಯೆ) 30 ದಾಟಿದ ಮಾದರಿಗಳ ಬಗ್ಗೆ ಎಚ್ಚರವಿರಲಿ: ಅಲ್ಲಿ ಆರ್‌ಎನ್‌ಎ ಅಷ್ಟು ಕಡಿಮೆಯಿರುವುದರಿಂದ ಪಿಸಿಆರ್ ನಕಲಿನ ತಪ್ಪುಗಳೇ ರೂಪಾಂತರದ ವೇಷ ತೊಟ್ಟು ಬರುತ್ತವೆ. ಅಂಥವನ್ನು ಎರಡು ಬಾರಿ ಬೇರೆ ಬೇರೆಯಾಗಿ ಸೀಕ್ವೆನ್ಸ್ ಮಾಡಿ, ಎರಡರಲ್ಲೂ ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮುಖ್ಯವಾದ ಎಡವಟ್ಟು ಆಗುವುದು ಇದಾದ ಮೇಲೆ. ಸುಮಾರು 29,900 ಅಕ್ಷರಗಳ ಜೀನೋಮಿನ ಬಹುಮತದ ಪಾಠವನ್ನಷ್ಟೇ, ಅಂದರೆ ಪ್ರತಿ ಸ್ಥಾನದಲ್ಲಿ ಹೆಚ್ಚಿನ ವೈರಸ್‌ಗಳಲ್ಲಿರುವ ಅಕ್ಷರವನ್ನಷ್ಟೇ ಓದಿದರೆ, ರೋಗಿಯೊಳಗಿನ ಶೇ 40ರಷ್ಟು ವೈರಸ್‌ಗಳಲ್ಲಿರುವ ಬದಲಾವಣೆಯೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪ್ರತಿ ಬದಲಾವಣೆಯ ಪ್ರಮಾಣವನ್ನು ದಿನಾಂಕವಾರು ಬರೆದು, ಅದರ ಪಕ್ಕದಲ್ಲೇ ಯಾವ ದಿನ ಯಾವ ಔಷಧ ಕೊಟ್ಟರೆಂಬುದನ್ನು ನಮೂದಿಸಿ. ನನ್ನ ಮಟ್ಟಿಗೆ ಹೇಳುವುದಾದರೆ, ಅರ್ಧ ಉತ್ತರ ಕೇಸ್ ಶೀಟಿನಲ್ಲೇ ಇರುತ್ತದೆ.

2020ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಲಿಂಫೋಮಾ ಎಂಬ ರಕ್ತದ ಕ್ಯಾನ್ಸರ್ ಇದ್ದ ರೋಗಿಯೊಬ್ಬರನ್ನು 101 ದಿನ, 23 ಮಾದರಿಗಳ ಮೂಲಕ ಹೀಗೆ ಹಿಂಬಾಲಿಸಲಾಯಿತು. ಮೊದಲ 57 ದಿನಗಳಲ್ಲಿ ಎರಡು ಸುತ್ತು ವೈರಸ್ ನಿರೋಧಕ ಔಷಧ ರೆಮ್ಡೆಸಿವಿರ್ ಕೊಟ್ಟರೂ ವೈರಸ್ ಗುಂಪಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ. ಚೇತರಿಸಿಕೊಂಡವರ ಪ್ಲಾಸ್ಮಾ ಕೊಟ್ಟ ಮೇಲೆ, ವೈರಸ್ಸಿನ ಮೇಲ್ಮೈಯ ಮುಳ್ಳಿನಂಥ ಪ್ರೋಟೀನಾದ ಸ್ಪೈಕ್‌ನಲ್ಲಿ ಡಿ796ಎಚ್ ಎಂಬ, 796ನೇ ಸ್ಥಾನದ ಬದಲಾವಣೆಯೂ 69-70ನೇ ಸ್ಥಾನಗಳ ಲೋಪವೂ ಇದ್ದ ವೈರಸ್ ಮೇಲುಗೈ ಪಡೆಯಿತು. ಪ್ಲಾಸ್ಮಾದ ಪ್ರತಿಕಾಯಗಳು ಕರಗುತ್ತಿದ್ದಂತೆ ಹಿಂದೆ ಸರಿದು, ಮತ್ತೆ ಪ್ಲಾಸ್ಮಾ ಕೊಟ್ಟಾಗ ಮರಳಿ ಬಂತು. ಚಿಕಿತ್ಸೆಯ ದಿನಾಂಕಗಳಿಲ್ಲದೆ ಈ ಏರಿಳಿತಕ್ಕೆ ಅರ್ಥವೇ ಹುಟ್ಟುತ್ತಿರಲಿಲ್ಲ.

ಎರಡು ಬದಲಾವಣೆಗಳು ಜೋಡಿಯಾಗಿ ಏರಿಳಿದರೆ ಎರಡನ್ನೂ ಬಿಡಿಯಾಗಿಯೂ ಒಟ್ಟಾಗಿಯೂ, ಕೊರೊನಾದ ಸ್ಪೈಕನ್ನು ಮಾತ್ರ ಹೊತ್ತ ನಿರುಪದ್ರವಿ ಹುಸಿವೈರಸ್‌ನಲ್ಲಿ ಕೂರಿಸಿ ಪರೀಕ್ಷಿಸಿ. ಕೇಂಬ್ರಿಡ್ಜ್‌ನಲ್ಲಿ ಹಾಗೆ ಮಾಡಿದಾಗ, ಡಿ796ಎಚ್ ಪ್ರತಿಕಾಯಗಳಿಂದ ತಪ್ಪಿಸಿಕೊಳ್ಳಲು ನೆರವಾದರೂ ಸೋಂಕುವ ಶಕ್ತಿಯನ್ನು ಕುಂದಿಸುತ್ತದೆಂದೂ, ಆ ನಷ್ಟವನ್ನು 69-70ರ ಲೋಪ ತುಂಬಿಕೊಡುತ್ತದೆಂದೂ ತಿಳಿಯಿತು.