ಮಹಾಪಧಮನಿಯ ಕಮಾನಿಗೆ ಸ್ಟೆಂಟ್ ಗ್ರಾಫ್ಟ್: ಅಳತೆಯಿಂದ ವರ್ಷದ ಸಿಟಿವರೆಗೆ

ಹೃದಯದಿಂದ ಮೇಲಕ್ಕೆ ಹೊರಟ ಮಹಾಪಧಮನಿ ಕೊಡೆಯ ಹಿಡಿಯಂತೆ ಬಾಗಿ ಕೆಳಗಿಳಿಯುತ್ತದೆ. ಮಿದುಳಿಗೂ ಎರಡೂ ಕೈಗಳಿಗೂ ರಕ್ತ ಒಯ್ಯುವ ಮೂರು ಕವಲುಗಳು ಏಳುವುದು ಈ ಬಾಗಿನಿಂದಲೇ. ಇಲ್ಲಿ ಗೋಡೆ ಉಬ್ಬಿದರೆ ಉಬ್ಬನ್ನು ಮುಚ್ಚಬೇಕು, ಕವಲನ್ನು ಮುಚ್ಚಬಾರದು. ಕಷ್ಟವೆಲ್ಲ ಅಲ್ಲೇ ಇದೆ.

ಉಬ್ಬು 5.5 ಸೆಂ.ಮೀ. ಮುಟ್ಟಿದರೆ ಸಾಮಾನ್ಯವಾಗಿ ಚಿಕಿತ್ಸೆಯ ಮಾತು ಬರುತ್ತದೆ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಎದೆ ತೆರೆದು, ಮೈಯನ್ನು ತಣ್ಣಗಾಗಿಸಿ, ಸ್ವಲ್ಪ ಹೊತ್ತು ರಕ್ತಸಂಚಾರವನ್ನೇ ನಿಲ್ಲಿಸಬೇಕು. ಇದನ್ನು ತಾಳಲಾರದ ವಯಸ್ಸಾದವರಿಗೆ, ಶ್ವಾಸಕೋಶ ಸೋತವರಿಗೆ ತೊಡೆಸಂದಿನ ರಕ್ತನಾಳದ ಮೂಲಕ ಸ್ಟೆಂಟ್ ಗ್ರಾಫ್ಟ್, ಅಂದರೆ ಲೋಹದ ಜಾಲರಿಯಿರುವ ಬಟ್ಟೆಯ ಕೊಳವೆ, ಕೂರಿಸುವ ದಾರಿಯಿದೆ. ಮಾರ್ಫಾನ್ ಸಿಂಡ್ರೋಮ್ ಎಂಬ ಹುಟ್ಟಿನಿಂದ ಬರುವ ಕಾಯಿಲೆ ಇದ್ದವರಲ್ಲಿ ಗೋಡೆಯೇ ದುರ್ಬಲ. ಅವರಿಗೆ ಸಾಮಾನ್ಯವಾಗಿ ತೆರೆದ ಶಸ್ತ್ರಚಿಕಿತ್ಸೆಯೇ ಮೇಲು.

ಮೊದಲ ಕೆಲಸ ಅಳತೆ. 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಪದರಗಳ ಸಿಟಿ ಆಂಜಿಯೋಗ್ರಾಮ್, ಅಂದರೆ ರಕ್ತನಾಳಗಳ ಸಿಟಿ ಸ್ಕ್ಯಾನ್, ಬೇಕು. ಉಬ್ಬಿನ ಆಚೆ ಈಚೆ ಗ್ರಾಫ್ಟ್ ಕಚ್ಚಿಕೊಳ್ಳಲು ಕನಿಷ್ಠ 2 ಸೆಂ.ಮೀ. ಗಟ್ಟಿ ಗೋಡೆ ಸಿಗಬೇಕು. ಗ್ರಾಫ್ಟ್ ರಕ್ತನಾಳಕ್ಕಿಂತ ಶೇ 10ರಿಂದ 20ರಷ್ಟು ದೊಡ್ಡದಿರಬೇಕು: 34 ಮಿ.ಮೀ. ನಾಳಕ್ಕೆ 38 ಅಥವಾ 40. ಚಿಕ್ಕದಾದರೆ ಸೋರುತ್ತದೆ, ಜಾರುತ್ತದೆ. ತೀರಾ ದೊಡ್ಡದಾದರೆ ಬಟ್ಟೆ ನೆರಿಗೆಗಟ್ಟುತ್ತದೆ, ಗೋಡೆ ಹರಿಯಲೂಬಹುದು. ಗೋಡೆ ಸೀಳಿರುವ ಡಿಸೆಕ್ಷನ್‌ನಲ್ಲಿ ಈ ಹೆಚ್ಚುವರಿ ಇನ್ನೂ ಕಡಿಮೆ ಇರಬೇಕು.

ಗಟ್ಟಿ ಗೋಡೆಗಾಗಿ ಹಲವು ಸಲ ಎಡಗೈಗೆ ಹೋಗುವ ಕವಲನ್ನು ಮುಚ್ಚಬೇಕಾಗುತ್ತದೆ. ಆಗ ಕತ್ತಿನಲ್ಲಿ ಮಿದುಳಿಗೆ ರಕ್ತ ಒಯ್ಯುವ ಎಡ ಕೆರೋಟಿಡ್ ನಾಳದಿಂದ ಆ ಕವಲಿಗೆ ಮೊದಲೇ ಬೈಪಾಸ್ ಹಾಕುತ್ತಾರೆ. ಎದೆಯ ಎಡ ಒಳನಾಳ ಬಳಸಿ ಹೃದಯದ ಬೈಪಾಸ್ ಆಗಿದ್ದರೆ, ಅಥವಾ ಎಡಗೈಯಲ್ಲಿ ಡಯಾಲಿಸಿಸ್‌ಗೆಂದು ನಾಳಗಳನ್ನು ಕೂಡಿಸಿದ ಫಿಸ್ಟುಲಾ ಇದ್ದರೆ ಕತ್ತಿನ ಈ ಬೈಪಾಸನ್ನು ಬಿಡುವಂತೆಯೇ ಇಲ್ಲ. ರೋಗಿಯ ಕಡೆಯವರು ಈ ಎರಡು ಸಂಗತಿಗಳನ್ನು ತಾವಾಗಿಯೇ ವೈದ್ಯರಿಗೆ ಹೇಳಬೇಕು. ಕವಲಿಗೆಂದೇ ಕೊಳವೆ ಇರುವ ಗ್ರಾಫ್ಟ್‌ಗಳೂ ಬಂದಿವೆ. ಅಂಥದ್ದೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಒಪ್ಪಿಗೆ ಕೊಟ್ಟಿತು.

ಮಡಚಿಟ್ಟ ಗ್ರಾಫ್ಟ್‌ನ ನೆರಿಗೆಗಳಲ್ಲಿ ಗಾಳಿ ಅಡಗಿರುತ್ತದೆ. ಒಳಗೆ ಬಿಡುವ ಮೊದಲು ಮೇಜಿನ ಮೇಲೆಯೇ ಸಲೈನ್ ಹಾಯಿಸಿ ಅದನ್ನು ತೆಗೆಯಬೇಕು. ಒಂದಷ್ಟು ಉಳಿದರೂ ಅದು ನೇರ ಮಿದುಳಿನ ದಾರಿ ಹಿಡಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು, ಗಡುಸು ತಂತಿಯ ಮೇಲೆ ಗ್ರಾಫ್ಟನ್ನು ಏರಿಸುತ್ತಾರೆ. ಬಿಚ್ಚುವ ಕ್ಷಣದಲ್ಲಿ ರಕ್ತದ ರಭಸ ಅದನ್ನು ಗಾಳಿಪಟದಂತೆ ಕೆಳಗೆ ತಳ್ಳಬಲ್ಲದು. ಅದಕ್ಕೇ ಪೇಸಿಂಗ್‌ನಿಂದ, ಅಂದರೆ ವಿದ್ಯುತ್ ಮಿಡಿತ ಕೊಟ್ಟು, ಹೃದಯವನ್ನು ಅತಿವೇಗವಾಗಿ ಬಡಿಸಿ, ಕೆಲವು ಸೆಕೆಂಡು ಒತ್ತಡ ಇಳಿಸುತ್ತಾರೆ. ಬಾಗಿನ ಒಳಮಗ್ಗುಲಿಗೆ ಗ್ರಾಫ್ಟ್ ಅಂಟದೆ ಹಕ್ಕಿಯ ಕೊಕ್ಕಿನಂಥ ಸಂದು ಉಳಿದರೆ, ಮುಂದೆ ಸೋರಿಕೆ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಫಲಿತಾಂಶ ಕೆಡಿಸುವುದರಲ್ಲಿ ಮೊದಲ ಹೆಸರು ಪಾರ್ಶ್ವವಾಯುವಿನದು. ಕಮಾನಿನ ಒಳಗೋಡೆಯ ಕೊಬ್ಬಿನ ಚೂರನ್ನು ತಂತಿಯೇ ಕಿತ್ತು ಮೇಲೆ ಕಳಿಸಬಹುದು. ಎಷ್ಟು ಮುಂದಕ್ಕೆ, ಹೃದಯದ ಕಡೆಗೆ ಗ್ರಾಫ್ಟ್ ಹೋಗುತ್ತದೋ ಅಷ್ಟು ಅಪಾಯ ಹೆಚ್ಚು. ಉದ್ದ ಗ್ರಾಫ್ಟ್ ಬೆನ್ನುಹುರಿಗೆ ಹೋಗುವ ಸಣ್ಣ ನಾಳಗಳನ್ನು ಮುಚ್ಚಿದರೆ ಕಾಲಿನ ಬಲ ಹೋಗಬಹುದು. ಇದು ಮರುದಿನ, ಎರಡನೇ ದಿನವೂ ಕಾಣಿಸೀತು. ಕಾಲು ಭಾರ ಎಂದರೆ ಕೂಡಲೇ ನರ್ಸ್‌ಗೆ ತಿಳಿಸಿ: ರಕ್ತದೊತ್ತಡ ಏರಿಸಿ, ಬೆನ್ನುಹುರಿಯ ದ್ರವ ಇಳಿಸಿದರೆ ಬಲ ಮರಳುವ ಸಾಧ್ಯತೆ ಇದೆ. ಇದ್ದಕ್ಕಿದ್ದಂತೆ ಎದೆನೋವು ಬಂದರೆ ಗೋಡೆ ಹೃದಯದ ಕಡೆಗೆ ಸೀಳಿರಬಹುದು. ಅದು ತುರ್ತು ಶಸ್ತ್ರಚಿಕಿತ್ಸೆಯ ವಿಷಯ.

ಗ್ರಾಫ್ಟ್ ಕೂರಿಸಿದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳಿಗೆ, ಆಮೇಲೆ ಆರು ತಿಂಗಳು ಅಥವಾ ವರ್ಷಕ್ಕೆ, ಮುಂದೆ ಪ್ರತಿ ವರ್ಷ ಸಿಟಿ. ವರದಿಯಲ್ಲಿ ಎರಡು ಸಂಗತಿ ನೋಡಿ: ಉಬ್ಬಿನ ಅಡ್ಡಳತೆ ಮತ್ತು ‘ಎಂಡೋಲೀಕ್’ ಎಂಬ ಪದ, ಅಂದರೆ ಉಬ್ಬಿನೊಳಗೆ ರಕ್ತದ ಸೋರಿಕೆ. ಟೈಪ್ 1 ಎಂದರೆ ಗ್ರಾಫ್ಟ್‌ನ ತುದಿಯಲ್ಲಿ ಸೋರಿಕೆ, ಟೈಪ್ 3 ಎಂದರೆ ಕೂಡುಗಳಲ್ಲಿ, ಇವೆರಡನ್ನು ಬಿಟ್ಟುಕೂರುವಂತಿಲ್ಲ. ಟೈಪ್ 2, ಅಂದರೆ ಸಣ್ಣ ಕವಲಿನಿಂದ ಹಿಮ್ಮುಖವಾಗಿ ಬರುವ ರಕ್ತ. ಉಬ್ಬು ಬೆಳೆಯದಿದ್ದರೆ ಕಾದು ನೋಡಬಹುದು. ಪ್ರತಿ ಸಲ ಹಳೆಯ ಸಿಡಿಗಳನ್ನೂ ಕೊಂಡೊಯ್ಯಿರಿ. ಮೊದಲ ತಿಂಗಳ ಚಿತ್ರದ ಪಕ್ಕ ಇಟ್ಟು ನೋಡಿದಾಗಲೇ 5 ಮಿ.ಮೀ. ಬೆಳೆದದ್ದು ಗೊತ್ತಾಗುತ್ತದೆ.