ಹೊಲಿಗೆ ಘಟಕದಲ್ಲಿ ಪರಸ್ಪರ ನೆರವಿನ ರೂಢಿ ಬೆಳೆಸುವುದು ಹೇಗೆ?

ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಪಕ್ಕದವರ ಮಷಿನ್ನಿನ ದಾರ ಪದೇ ಪದೇ ಹರಿಯುತ್ತಿದ್ದರೆ ಎದ್ದು ಹೋಗಿ ಸರಿಪಡಿಸಿಕೊಡುವುದಾಗಲಿ, ಹೊಸಬರಿಗೆ ಜಿಪ್ ಕೂಡಿಸುವುದನ್ನು ಹೇಳಿಕೊಡುವುದಾಗಲಿ ಯಾರಿಗೂ ಒಪ್ಪಿಸಿದ ಕೆಲಸವಲ್ಲ. ಮಾಡದಿದ್ದರೆ ಕೇಳುವ ಹಕ್ಕೂ ಮೇಲ್ವಿಚಾರಕರಿಗಿಲ್ಲ. ಇಂಥ ನೆರವನ್ನು 1980ರ ದಶಕದಿಂದ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಡೆನ್ನಿಸ್ ಆರ್ಗನ್ ಪ್ರಮುಖರು. ಅವರು ರಯಾನ್ ಎಂಬ ಸಂಶೋಧಕರೊಂದಿಗೆ 1995ರಲ್ಲಿ 55 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಕೆಲಸದ ತೃಪ್ತಿ, ತಮಗೆ ನ್ಯಾಯ ಸಿಗುತ್ತಿದೆ ಎಂಬ ನಂಬಿಕೆ, ಸಂಸ್ಥೆಯ ಮೇಲಿನ ಅಭಿಮಾನ ಮುಂತಾದವುಗಳಿಗೂ ಈ ನೆರವಿಗೂ ಇರುವ ನಂಟು, ಬಹುಪಾಲು ಹುಟ್ಟುಗುಣಗಳ ನಂಟಿಗಿಂತ ಗಟ್ಟಿಯಾಗಿ ಕಂಡಿತು. ಆದ್ದರಿಂದ ‘ಒಳ್ಳೆಯ ಸ್ವಭಾವದವರನ್ನೇ ಹುಡುಕಿ ತಂದರಾಯಿತು’ ಎಂದುಕೊಳ್ಳುವ ಮೊದಲು ನಿಮ್ಮ ಲೆಕ್ಕದ ಪುಸ್ತಕವನ್ನು ತೆರೆಯಿರಿ.

ಪೀಸಿನ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ, ಅರ್ಧ ಗಂಟೆ ಹೊಸಬರಿಗೆ ಕಲಿಸಿದವರು ಅಷ್ಟು ಹೊತ್ತಿನ ದುಡಿಮೆಯನ್ನು ಕಳೆದುಕೊಳ್ಳುತ್ತಾರೆ. ಅವರ ಮನಸ್ಸು ಎಷ್ಟೇ ಒಳ್ಳೆಯದಿದ್ದರೂ ಮನೆಯ ಖರ್ಚು ಅದಕ್ಕೆ ಅಡ್ಡ ಬರುತ್ತದೆ. ಕಲಿಸುವುದು ನಿಮಗೆ ನಿತ್ಯದ ಅಗತ್ಯವಾಗಿದ್ದರೆ ಅದಕ್ಕೆ ಪ್ರತ್ಯೇಕ ಕೂಲಿ ನಿಗದಿಪಡಿಸಿ. ಅದನ್ನು ಉಪಕಾರವೆಂದು ಕರೆದು ಪುಕ್ಕಟೆಯಾಗಿ ಪಡೆಯಬೇಡಿ. ಕರೆಂಟು ಹೋದ ಹೊತ್ತಿನ ನಷ್ಟ ಯಾರದೆಂಬುದನ್ನೂ ಮೊದಲೇ ಹೇಳಿಬಿಡಿ.

ಬಳಿಕ ಬಂಡಲ್, ಅಂದರೆ ಹೊಲಿಯಲು ಕೊಡುವ ಕತ್ತರಿಸಿದ ಬಟ್ಟೆಯ ಕಟ್ಟು, ಹಂಚುವ ರೀತಿಯನ್ನು ಒಂದು ವಾರ ಬರೆದಿಟ್ಟು ನೋಡಿ. ಸುಲಭದ ಹೊಲಿಗೆ ಯಾವಾಗಲೂ ಮೇಸ್ತ್ರಿಯ ಬಳಗಕ್ಕೂ ದಪ್ಪ ಬಟ್ಟೆಯ ಬೆಲ್ಟ್ ಕೂಡಿಸುವ ಕೆಲಸ ಉಳಿದವರಿಗೂ ಹೋಗುತ್ತಿದ್ದರೆ, ಯಾರೂ ಬಾಯಿಬಿಟ್ಟು ದೂರದಿದ್ದರೂ ನೆರವು ತಾನಾಗಿ ನಿಲ್ಲುತ್ತದೆ. ಬಳ್ಳಾರಿಯ ಮೇ ತಿಂಗಳ ಬಿಸಿಲಿನಲ್ಲಿ ಫ್ಯಾನಿನ ಕೆಳಗೆ ಕೂರುವವರು ಯಾರೆಂಬುದೂ ಸಣ್ಣ ಸಂಗತಿಯಲ್ಲ. ಜಾಗಗಳನ್ನು ವಾರಕ್ಕೊಮ್ಮೆ ಬದಲಿಸಿ. ಎಲ್ಲರಿಗೂ ಬೇಕಾದ್ದನ್ನೇ ಕೊಡಲು ಆಗದಿರಬಹುದು, ಆದರೆ ಯಾವ ಲೆಕ್ಕದಲ್ಲಿ ಹಂಚಿದಿರಿ ಎಂಬುದನ್ನು ತಿಳಿಸಲು ಖರ್ಚೇನೂ ಇಲ್ಲ.

ನೆರವಾದವರನ್ನು ಹೆಸರು ಹಿಡಿದು ನೆನೆಯಿರಿ, ಆದರೆ ಅದಕ್ಕೆ ಅಂಕ ಕೊಡಲು ಹೋಗಬೇಡಿ. ಅಂಕಕ್ಕಾಗಿ ಮಾಡುವ ಸಹಾಯ ನೀವು ನೋಡುತ್ತಿರುವಾಗಷ್ಟೇ ನಡೆಯುತ್ತದೆ. ಯಾವಾಗಲೂ ಒಬ್ಬರೇ ಎಲ್ಲರ ನೆರವಿಗೆ ಓಡುತ್ತಿದ್ದರೆ ಅವರ ಬಂಡಲ್ ಸಂಜೆಗೆ ಉಳಿಯುತ್ತಿದೆಯೇ ಎಂದು ಗಮನಿಸಿ, ಉಳಿಯುತ್ತಿದ್ದರೆ ಮರುದಿನ ಅವರಿಗೆ ಕೊಡುವ ಬಂಡಲ್ಲುಗಳನ್ನು ಕಡಿಮೆ ಮಾಡಿ, ಆದ ಕೊರತೆಯನ್ನು ಬಟವಾಡೆಯ ದಿನ ತುಂಬಿಕೊಡಿ.