ಎಸಿಎಲ್ ಆಪರೇಷನ್ ಆದ ಕಾಲಿನಲ್ಲಿ ಮತ್ತೆ ದಿಗಿಣ: ನನ್ನ ಅನುಭವ

ಮೊಣಕಾಲಿನ ಒಳಗಿನ ಎಸಿಎಲ್ ಅನ್ನುವ ಲಿಗಮೆಂಟ್ (ಎಲುಬುಗಳನ್ನು ಹಿಡಿದಿಡುವ ಹಗ್ಗ) ಹರಿದರೆ ಪುಂಡುವೇಷ, ಅಂದರೆ ಕುಣಿದು ಹಾರುವ ಎಳೆಯ ವೀರರ ಪಾತ್ರ, ಅಲ್ಲಿಗೆ ಮುಗಿಯಿತು ಅಂತ ಯಕ್ಷಗಾನದ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ಒಂದು ಮಾತಿದೆ. ನನಗೂ ಹೇಳಿದರು. ಹಿರಿಯರು ಪ್ರೀತಿಯಿಂದಲೇ ಹೇಳಿದರು: "ಇನ್ನು ಕಿರೀಟ ವೇಷ ಕಲಿ ಮಾರಾಯ, ನಿನ್ನ ಮಾತು ಚೆನ್ನಾಗಿದೆ." ಕಿರೀಟ ವೇಷ ಅಂದರೆ ರಾಜರ ಪಾತ್ರ, ಹಾರುವುದು ಕಡಿಮೆ. ಆದರೆ ಈ ಸಲದ ತಿರುಗಾಟದಲ್ಲಿ (ಮೇಳ, ಅಂದರೆ ನಮ್ಮ ತಂಡ, ಊರೂರು ಸುತ್ತಿ ಆಟ ಆಡುವ ಕಾಲ) ನಾನು ಅಭಿಮನ್ಯು ಮಾಡಿದ್ದೇನೆ, ಬಭ್ರುವಾಹನ ಮಾಡಿದ್ದೇನೆ. ಚಂಡ-ಮುಂಡರಲ್ಲಿ ಚಂಡನಾಗಿ ಒಂದೇ ಉಸಿರಿಗೆ ಮೂವತ್ತು ನಲವತ್ತು ದಿಗಿಣ (ಹಾರಿ ಗಾಳಿಯಲ್ಲೇ ಮೈ ತಿರುಗಿಸಿ ಇಳಿಯುವ ಕುಣಿತ) ಹಾಕಿದ್ದೇನೆ. ಅದೂ ಆಪರೇಷನ್ ಆದ ಬಲಗಾಲಿನ ಮೇಲೇ ಇಳಿದು. ಹೇಗೆ ಅಂತ ಕೇಳಿ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ಹುಡುಗರ ಫೋನು ಬರುತ್ತಲೇ ಇದೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದುಬಿಡೋಣ ಅಂತ ಕೂತಿದ್ದೇನೆ. ಮೊಣಕಾಲಿನ ಒಳಗೆ ಏನೇನಿದೆ ಅಂತ ನಿಮಗೆ ಡಾಕ್ಟರು ಹೇಗೂ ಹೇಳಿರುತ್ತಾರೆ, ಅದನ್ನು ಬಿಡುತ್ತೇನೆ.

ಪೆಟ್ಟಾದದ್ದು ಒಂದು ಜನವರಿಯ ಹರಕೆ ಆಟದಲ್ಲಿ. ಇಳಿಯುವಾಗ ಪಾದ ನೆಲಕ್ಕೆ ಕಚ್ಚಿತು, ಮೈ ತಿರುಗುತ್ತಲೇ ಇತ್ತು, ಮೊಣಕಾಲು ಒಳಕ್ಕೆ ಮಡಚಿತು. ಟಕ್ ಅಂತ ಶಬ್ದ ನನಗೇ ಕೇಳಿತು. ಬೆಳಗಾಗುವಾಗ ಇಜಾರು ಬಿಚ್ಚಲು ಆಗದಷ್ಟು ಬಾವು. ಇದು ನಿಮಗೆಲ್ಲ ಗೊತ್ತಿರುವ ಕಥೆಯೇ.

ಅಲ್ಲಿಂದ ಪತ್ತನಾಜೆಗೆ (ಮೇ ಕೊನೆಗೆ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚುವವರೆಗೆ ಏನೆಲ್ಲ ಮಾಡಿದೆ, ಅದಕ್ಕೆ ಎಷ್ಟು ಹೋಯಿತು ಅಂತ ಹೇಳಲೇಬೇಕು. ಉಳುಕು ತೆಗೆಯುವವರ ಹತ್ತಿರ ಹೋದೆ, ಎರಡು ಮೂರು ಸಾವಿರ. ಎಣ್ಣೆ, ಕಟ್ಟು, ಕಷಾಯ ಸೇರಿ ಇನ್ನೊಂದು ಐದು ಸಾವಿರ. ಮುರಿವೆಣ್ಣ ಹಚ್ಚಿದರೆ ಮೀನಖಂಡದ ಬಿಗಿತ ಇಳಿಯುತ್ತದೆ, ಈಗಲೂ ಹಚ್ಚುತ್ತೇನೆ. ಆದರೆ ಹರಿದ ಹಗ್ಗ ಎಣ್ಣೆಗೆ ಕೂಡುವುದಿಲ್ಲ. ಆಮೇಲೆ ಕಬ್ಬಿಣದ ಪಟ್ಟಿ ಇರುವ ಬ್ರೇಸ್, ನಾಲ್ಕು ಸಾವಿರದ ಚಿಲ್ಲರೆ. ಇಜಾರಿನ ಒಳಗೆ ಕಟ್ಟಿಕೊಂಡು ಸಣ್ಣ ವೇಷ ಮಾಡಿದೆ. ನೇರ ನಡೆದರೆ ಏನೂ ತೊಂದರೆ ಇಲ್ಲ, ತಿರುಗಿದರೆ ಮೊಣಕಾಲು ಜಾರುತ್ತದೆ. ಕೊನೆಗೆ ನಮ್ಮದೇ ರಕ್ತ ತೆಗೆದು, ಅದರದ್ದೇ ಒಂದು ಅಂಶವನ್ನು ಮತ್ತೆ ಮೊಣಕಾಲಿಗೆ ಚುಚ್ಚುವ ಇಂಜೆಕ್ಷನ್. ಎರಡು ಚುಚ್ಚಿಗೆ ಹದಿನೈದು ಸಾವಿರದ ಹತ್ತಿರ ಬಂತು. ನನ್ನ ಕಾಲಿಗೆ ಅದರಿಂದ ಏನೂ ಆಗಲಿಲ್ಲ.

ಜೂನ್‌ನಲ್ಲಿ ಆಪರೇಷನ್. ತೊಡೆಯ ಹಿಂದಿನ ಸ್ನಾಯುವಿನ ತುದಿಯ ಹುರಿ ತೆಗೆದು (ಹ್ಯಾಮ್‌ಸ್ಟ್ರಿಂಗ್ ಅಂತಾರಲ್ಲ, ಅದು) ಹೊಸ ಲಿಗಮೆಂಟ್ ಮಾಡಿದರು. ಎಂಆರ್‌ಐ, ಬೆಡ್ಡು, ಸ್ಕ್ರೂ, ಔಷಧಿ ಎಲ್ಲ ಸೇರಿ ಒಂದು ಲಕ್ಷದ ಎಂಬತ್ತು ಸಾವಿರದ ಆಚೀಚೆ. ಇನ್ಶೂರೆನ್ಸ್‌ನವರು ಅರ್ಧಕ್ಕಿಂತ ಕಡಿಮೆ ಕೊಟ್ಟರು. ಮುಂದಿನ ತಿರುಗಾಟ ಪೂರ್ತಿ ಮನೆಯಲ್ಲಿ ಕೂತದ್ದರಿಂದ ಸಂಬಳ ಎರಡು ಲಕ್ಷ ಹೋಯಿತು ಅಂತ ಇಟ್ಟುಕೊಳ್ಳಿ. ಹೆಂಡತಿಯ ಬಳೆ ಸೊಸೈಟಿಗೆ ಹೋಯಿತು, ಈ ವರ್ಷ ಬಿಡಿಸಿ ತಂದೆ. ಆಪರೇಷನ್‌ನ ಖರ್ಚನ್ನು ಮಾತ್ರ ಲೆಕ್ಕ ಹಾಕುವವರಿಗೆ ನಾನು ಹೇಳುವುದು ಇದು: ಕೂತು ತಿನ್ನುವ ವರ್ಷದ ಖರ್ಚು ಅದಕ್ಕಿಂತ ದೊಡ್ಡದು. ಅದನ್ನು ಮೊದಲೇ ಕೂಡಿಸಿಕೊಳ್ಳಿ.

ಈಗ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಆದವರೆಲ್ಲ ಮೊಣಕಾಲು ಎಷ್ಟು ಮಡಚುತ್ತದೆ ಅಂತ ನೋಡುತ್ತಾರೆ. ನೋಡಲು ಬಂದ ನೆಂಟರೂ ಅದನ್ನೇ ಕೇಳುತ್ತಾರೆ. ನಾನು ನೋಡಿದ್ದು ಎಷ್ಟು ನೇರ ಆಗುತ್ತದೆ ಅಂತ. ಇದನ್ನು ತಲೆಗೆ ಹಾಕಿದ್ದು ನನ್ನ ಎರಡನೇ ಫಿಸಿಯೋ ಅಕ್ಕ. ಅಮೆರಿಕದ ಶೆಲ್ಬೋರ್ನ್ ಅನ್ನುವ ಡಾಕ್ಟರು 1990ರಲ್ಲೇ ಇದನ್ನು ಬರೆದಿದ್ದಾರಂತೆ. ಮೊದಲ ದಿನಗಳಲ್ಲೇ ಕಾಲು ಪೂರ್ತಿ ನೇರ ಆಗಬೇಕು, ಇಲ್ಲದಿದ್ದರೆ ಗಾಯದ ಗಂಟು ಮುಂದೆ ಅಡ್ಡ ಬೆಳೆದು ಕಾಲು ಯಾವತ್ತೂ ಸ್ವಲ್ಪ ಮಡಚಿಯೇ ಉಳಿಯುತ್ತದೆ ಅಂತ. ಹಾಗೆ ಪೂರ್ತಿ ನೇರ ಆಗದ ಕಾಲಿನಲ್ಲಿ ತೊಡೆಯ ಸ್ನಾಯು ಸರಿಯಾಗಿ ಕೆಲಸ ಮಾಡುವುದಿಲ್ಲ. ತೊಡೆ ಇಲ್ಲದಿದ್ದರೆ ದಿಗಿಣ ಎಲ್ಲಿಂದ?

ನನ್ನ ಮೊದಲ ಫಿಸಿಯೋ ಸೆಂಟರಿನಲ್ಲಿ ದಿನಕ್ಕೆ ನಾನೂರು ರೂಪಾಯಿ ತೆಗೆದುಕೊಂಡು ಕರೆಂಟು ಕೊಡುತ್ತಿದ್ದರು, ಬಿಸಿ ಕೊಡುತ್ತಿದ್ದರು, ಮಲಗಿಸಿ ಕಾಲು ಮಡಚುತ್ತಿದ್ದರು. ತಿಂಗಳು ಕಳೆದರೂ ಕಾಲು ಚಾಚಿ ಮಲಗಿದರೆ ಮೊಣಕಾಲಿನ ಹಿಂದೆ ಕೈ ತೂರುವಷ್ಟು ಜಾಗ. ಇನ್ನು ಹೀಗೇ ಇರುತ್ತದೆ, ಬೇಕಾದರೆ ಮತ್ತೊಮ್ಮೆ ಮಲಗಿಸಿ ಬಗ್ಗಿಸೋಣ ಅಂದರು. ನಾನು ಒಪ್ಪಲಿಲ್ಲ.

ಮನೆಯಲ್ಲಿ ಮಾಡಿದ್ದು ಇಷ್ಟು. ಮಂಚದ ಮೇಲೆ ಕವುಚಿ ಮಲಗಬೇಕು. ಮೊಣಕಾಲಿನಿಂದ ಕೆಳಗೆ ಮಂಚದ ಹೊರಗೆ ಇಳಿಬಿಡಬೇಕು. ಪಾದದ ಗಂಟಿಗೆ ಎರಡು ಕಿಲೋ ಅಕ್ಕಿಯ ಚೀಲ. ಹತ್ತು ನಿಮಿಷ, ದಿನಕ್ಕೆ ಆರೇಳು ಸಲ. ಒಂದೇ ಸಲ ಜೋರು ಮಾಡಬೇಡಿ, ಬಾವು ಬಂದು ಎರಡು ದಿನ ಹಿಂದೆ ಹೋಗುತ್ತದೆ. ಹಾಗೆ ಮಲಗಿದಾಗ ಎರಡು ಹಿಮ್ಮಡಿಗಳ ಎತ್ತರದಲ್ಲಿ ಎಷ್ಟು ವ್ಯತ್ಯಾಸ ಅಂತ ಹೆಂಡತಿ ಸ್ಕೇಲ್ ಹಿಡಿದು ನೋಡುತ್ತಿದ್ದಳು. ಒಂದು ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಡಿಗ್ರಿ. ಎಂಟು ಒಂಬತ್ತು ಇದ್ದದ್ದು ಒಂದೂವರೆ ತಿಂಗಳಲ್ಲಿ ಒಂದಕ್ಕೆ ಬಂತು. ಡಾಕ್ಟರು ನೋಡಿ, "ಯಾವ ಸೆಂಟರಿಗೆ ಹೋದ್ರಿ?" ಅಂತ ಕೇಳಿದರು.

ಎರಡನೆಯದು ಟೇಪು. ಟೈಲರ್ ಟೇಪು, ಇಪ್ಪತ್ತು ರೂಪಾಯಿ. ನನ್ನ ಇಡೀ ಪದ್ಧತಿ ನಿಂತಿರುವುದು ಅದರ ಮೇಲೆ. ಬಾವು ಎಷ್ಟಿದೆ ಅಂತ ತಿಳಿಯಲು ಬೆಳಿಗ್ಗೆ ಎದ್ದು ಕಾಲು ನೆಲಕ್ಕೆ ಇಡುವ ಮೊದಲೇ ಮೊಣಕಾಲಿನ ಸುತ್ತಳತೆ ಅಳೆಯಬೇಕು. ಮೊಣಕಾಲಿನ ಚಿಪ್ಪಿನ ನಡುಮಧ್ಯೆ ಪೆನ್ನಿನಲ್ಲಿ ಗೆರೆ ಹಾಕಿ, ಟೇಪು ಆ ಗೆರೆಯ ಮೇಲೇ ಹೋಗಬೇಕು, ಎಳೆಯಬಾರದು, ಸುಮ್ನೆ ಚರ್ಮಕ್ಕೆ ತಾಗಿದರೆ ಸಾಕು. ನಿನ್ನೆಗಿಂತ ಅರ್ಧ ಸೆಂಟಿಮೀಟರ್ ಜಾಸ್ತಿ ಇದ್ದರೆ ಆ ದಿನ ಹಾರುವ ಕೆಲಸ ಇಲ್ಲ. ಒಂದು ಸೆಂಟಿಮೀಟರ್ ಏರಿದರೆ ಎರಡು ದಿನ ಇಲ್ಲ. ನೋವಿಗೂ ಒಂದು ಲೆಕ್ಕ ಇಟ್ಟೆ. ಹತ್ತರಲ್ಲಿ ಮೂರು ನಾಲ್ಕರವರೆಗೆ ನೋವು ಬಂದರೆ ಕೆಲಸ ನಿಲ್ಲಿಸುವುದಿಲ್ಲ, ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು ಅಷ್ಟೇ. ನೋವೇ ಇಲ್ಲದ ದಿನಕ್ಕೆ ಕಾಯುತ್ತಾ ಕೂತವರು ಇನ್ನೂ ಕೂತಿದ್ದಾರೆ.

ಆಪರೇಷನ್ ಆಗಿ ಐದು ತಿಂಗಳಿಗೆ ತಿರುಗಾಟ ಶುರುವಾಯಿತು. ಕಾಲು ಚೆನ್ನಾಗಿಯೇ ಇತ್ತು, ಓಡುತ್ತಿದ್ದೆ. ಬಾ, ಸಣ್ಣದಾಗಿ ಕುಣಿ, ಇಲ್ಲದಿದ್ದರೆ ಜಾಗ ಹೋಗುತ್ತದೆ ಅಂದರು ಮೇಳದವರು. ನನಗಿಂತ ಮೊದಲೇ ಆಪರೇಷನ್ ಆದ ಕಬಡ್ಡಿ ಹುಡುಗ ಒಬ್ಬ ಆರನೇ ತಿಂಗಳಿಗೆ ಅಂಕಣಕ್ಕೆ ಇಳಿದು ಮತ್ತೆ ಹರಿದುಕೊಂಡಿದ್ದ. ನಾರ್ವೆಯಲ್ಲಿ 2016ರಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದ್ದಾರೆ. ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ತಡ ಮಾಡಿದಷ್ಟೂ ಮತ್ತೆ ಪೆಟ್ಟಾಗುವುದು ಸುಮಾರು ಅರ್ಧಕ್ಕರ್ಧ ಇಳಿಯುತ್ತದಂತೆ. ಅವರು ನೋಡಿದ್ದು ಹೆಚ್ಚಾಗಿ ಚೆಂಡಾಟದವರನ್ನು. ದಿಗಿಣ ಅದಕ್ಕಿಂತ ಕಠಿಣ ಅಂತ ನನ್ನ ಲೆಕ್ಕ, ಯಾಕೆಂದರೆ ಪ್ರತಿ ಸಲವೂ ತಿರುಗುತ್ತಲೇ ಇಳಿಯಬೇಕು. ಹಾಗಾಗಿ ಆ ವರ್ಷ ಹೋಗಲಿಲ್ಲ. ಎರಡು ಶಾಲೆಯಲ್ಲಿ ಮಕ್ಕಳಿಗೆ ಕೂತು ತಾಳ ಹಾಕಿ ಹೆಜ್ಜೆ ಹೇಳಿಕೊಟ್ಟೆ. ತಿಂಗಳಿಗೆ ಏಳೆಂಟು ಸಾವಿರ ಬರುತ್ತಿತ್ತು.

ಆ ತಿಂಗಳುಗಳಲ್ಲಿ ತೊಡೆ ಕಟ್ಟಿದೆ. ಚಿಪ್ಪಿನಿಂದ ಒಂದು ಗೇಣು ಮೇಲೆ ಅಳೆದರೆ ಬಲತೊಡೆ ಮೂರು ಸೆಂಟಿಮೀಟರ್ ಸಣ್ಣ ಇತ್ತು. ಊರಿನ ಜಿಮ್ಮು, ತಿಂಗಳಿಗೆ ಎಂಟುನೂರು. ಕೂತು ತಳ್ಳುವ ಯಂತ್ರದಲ್ಲಿ ಒಂಟಿ ಕಾಲಿನಲ್ಲಿ, ಭಾರ ಹಾಕಿಯೇ ಮಾಡಬೇಕು. ರಬ್ಬರ್ ಪಟ್ಟಿ ಎಳೆಯುವುದರಿಂದ ದಿಗಿಣಕ್ಕೆ ಬೇಕಾದ ಶಕ್ತಿ ಬರುವುದಿಲ್ಲ. ಒಂಟಿ ಕಾಲಿನಲ್ಲಿ ಮುಂದಕ್ಕೆ ಹಾರಿದರೆ ಎಡಗಾಲಿನ ದೂರದ ನೂರರಲ್ಲಿ ತೊಂಬತ್ತು ಭಾಗ ಬಲಗಾಲೂ ಹಾರಬೇಕು ಅಂತ ಫಿಸಿಯೋ ಅಕ್ಕ ಹೇಳಿದ್ದರು. ನಾನು ತೊಂಬತ್ತೈದಕ್ಕೆ ತಂದೆ.

ನಡುವೆ ಬೇರೆ ಬೇರೆ ನೋಡಿದ್ದೂ ಇದೆ. ಸಮುದ್ರದಲ್ಲಿ ಸೊಂಟದ ಮಟ್ಟ ನಿಂತು ನಡೆದೆ. ಬಾವು ಇಳಿಯಲು ಇದಕ್ಕಿಂತ ಒಳ್ಳೆಯದು ನನಗೆ ಸಿಗಲಿಲ್ಲ, ಖರ್ಚೂ ಇಲ್ಲ. ಆದರೆ ಒಣ ಮರಳಿನಲ್ಲಿ ನಡೆದರೆ ಚಿಪ್ಪಿನ ಕೆಳಗೆ ನೋವು, ಅದನ್ನು ಬಿಟ್ಟೆ. ಐಸಿಗೆ ಮೀನಿನವರ ಹತ್ತಿರ ಹತ್ತು ರೂಪಾಯಿಗೆ ಮಂಜುಗಡ್ಡೆ ತರುತ್ತಿದ್ದೆ. ವಾಸನೆ ಬಿಟ್ಟರೆ ಏನೂ ದೋಷ ಇಲ್ಲ, ಎರಡು ಪ್ಲಾಸ್ಟಿಕ್ ಹಾಕಿ. ಗಾಯಕ್ಕೆ ಐಸ್ ಇಡಿ ಅಂತ 1978ರಲ್ಲಿ ಸೂತ್ರ ಬರೆದ ಅಮೆರಿಕದ ಡಾಕ್ಟರು ಮಿರ್ಕಿನ್ ಅವರೇ 2014ರಲ್ಲಿ, ಐಸ್ ಗುಣವಾಗುವುದನ್ನು ತಡ ಮಾಡಬಹುದು ಅಂತ ಮಾತು ಬದಲಿಸಿದರು. ನನಗೆ ಗುಣಕ್ಕಿಂತ ರಾತ್ರಿ ನಿದ್ದೆ ಮುಖ್ಯ ಆಗಿತ್ತು, ಇಟ್ಟೆ. ನಿದ್ದೆಯ ಮಾತು ಬಂತು ನೋಡಿ, ಟೇಪಿನ ಪುಸ್ತಕದ ಪಕ್ಕದಲ್ಲೇ ನಿದ್ದೆಯ ಗಂಟೆಯನ್ನೂ ಬರೆಯುತ್ತಿದ್ದೆ. ನಿದ್ದೆ ಐದು ಗಂಟೆಗಿಂತ ಕಡಿಮೆ ಆದ ಮರುದಿನ ಬಾವು ಏರದೆಯೇ ನೋವು ಏರುತ್ತದೆ. ರಾತ್ರಿ ಪೂರ್ತಿ ಎಚ್ಚರ ಇರುವ ನಮ್ಮಂಥವರು ಇದನ್ನು ಗಮನಿಸಬೇಕು. ಆಟ ಮುಗಿದು ಬಂದು ಗದ್ದೆ, ತೋಟ ಅಂತ ಓಡಾಡಿದ ದಿನದ ನೋವನ್ನು ನಾವು ಸುಮ್ನೆ ದಿಗಿಣದ ಮೇಲೆ ಹೊರಿಸುತ್ತೇವೆ.

ಹತ್ತನೇ ತಿಂಗಳಿಗೆ ದಿಗಿಣ ಶುರು. ಇಲ್ಲಿ ಎಲ್ಲರೂ ತಿರುಗುವುದನ್ನು ಕಲಿಯುತ್ತಾರೆ, ನಾನು ಇಳಿಯುವುದನ್ನು ಮಾತ್ರ ಕಲಿತೆ. ಮೊದಲು ಕೂರುವ ಮಣೆಯ ಮೇಲಿಂದ ಇಳಿಯುವುದು, ಶಬ್ದ ಬರಬಾರದು. ಫೋನನ್ನು ಮೊಣಕಾಲಿನ ಎತ್ತರಕ್ಕೆ ಇಟ್ಟು ವಿಡಿಯೋ ಮಾಡಿ ನೋಡುತ್ತಿದ್ದೆ. ಚಿಪ್ಪು ಹೆಬ್ಬೆರಳು ದಾಟಿ ಒಳಗೆ ಬಂದರೆ ಆ ದಿನದ ಪಾಠ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಬೆಂಚಿನಿಂದ. ಆಮೇಲೆ ನೆಲದಿಂದ ಹಾರಿ ಕಾಲು ಸುತ್ತು, ಅರ್ಧ ಸುತ್ತು. ಪೂರ್ತಿ ಸುತ್ತಿಗೆ ಬರುವಾಗ ಮಳೆಗಾಲ ಅರ್ಧ ಕಳೆದಿತ್ತು. ಗೆಳೆಯ ಒಬ್ಬ ಚೆಂಡೆಯವನು ಮೂರು ವೇಗದಲ್ಲಿ ನುಡಿಸಿ ರೆಕಾರ್ಡ್ ಮಾಡಿಕೊಟ್ಟ. ನಿಧಾನದ್ದರಲ್ಲಿ ತಿಂಗಳು ಹೋಯಿತು. ನಿಧಾನದ ದಿಗಿಣ ಜೋರಿನದ್ದಕ್ಕಿಂತ ಕಷ್ಟ, ಮಾಡಿ ನೋಡಿ. ಆಮೇಲೆ ಗೆಜ್ಜೆ ಕಟ್ಟಿದೆ. ದಗಲೆ (ವೇಷದ ಅಂಗಿ), ಆಭರಣದ ಭಾರಕ್ಕೆ ಬದಲಾಗಿ ಮಗನ ಶಾಲೆಯ ಬ್ಯಾಗಿಗೆ ಐದು ಕಿಲೋ ಅಕ್ಕಿ ತುಂಬಿ ಎದೆಗೆ ಕಟ್ಟಿಕೊಂಡೆ. ಒಂದು ವಾರ ಹತ್ತು ದಿಗಿಣ, ಟೇಪು ಒಪ್ಪಿದರೆ ಮುಂದಿನ ವಾರ ಹನ್ನೆರಡು. ಒಪ್ಪದಿದ್ದರೆ ಅದೇ ಹತ್ತು. ಎರಡು ಸಲ ಇಪ್ಪತ್ತರಿಂದ ಹತ್ತಕ್ಕೆ ಇಳಿಯಬೇಕಾಯಿತು. ಒಮ್ಮೆ ಚಿಪ್ಪಿನ ಕೆಳಗಿನ ನೋವು ಮೂರು ವಾರ ಬಿಡಲೇ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತ ಹಾಗೆ ಮುಕ್ಕಾಲು ನಿಮಿಷ ನಿಲ್ಲುವುದು, ಐದು ಸಲ. ನೋವು ಅದಕ್ಕೆ ಬಗ್ಗಿತು.

ನವೆಂಬರಿನಲ್ಲಿ ಮೇಳಕ್ಕೆ ಹೋದಾಗ ಭಾಗವತರು (ಹಾಡಿ ಆಟ ನಡೆಸುವವರು), "ಎಷ್ಟು ಹಾಕ್ತೀಯ?" ಅಂತ ಕೇಳಿದರು. ಎಂಟು ಅಂದೆ. ಎಂಟಕ್ಕೆ ಸರಿಯಾಗಿ ಮುಕ್ತಾಯ ಕೊಟ್ಟರು, ಒಂಬತ್ತನೆಯದಕ್ಕೆ ಎಳೆಯಲಿಲ್ಲ. ಈ ಸಹಕಾರ ಇಲ್ಲದಿದ್ದರೆ ಯಾವ ಪದ್ಧತಿಯೂ ನಿಲ್ಲದು. ಚೆಂಡೆಯವರಿಗೂ ಮೊದಲೇ ಹೇಳಿ ಇಟ್ಟುಕೊಳ್ಳಿ, ನಾಚಿಕೆ ಬೇಡ. ಜನವರಿಗೆ ಇಪ್ಪತ್ತು, ಮಾರ್ಚಿಗೆ ಮೂವತ್ತು ದಾಟಿತು. ಆಗ ಕಿರೀಟ ವೇಷ ಕಲಿ ಅಂದವರೇ ಚೌಕಿಯಲ್ಲಿ ಬಂದು ಬೆನ್ನು ತಟ್ಟಿದರು. ನನ್ನ ಈಗಿನ ದಿಗಿಣ ಪೆಟ್ಟಾಗುವ ಮೊದಲಿನದ್ದಕ್ಕಿಂತ ಶುದ್ಧ. ಹಳೆಯ ವಿಡಿಯೋ ಇಟ್ಟು ನೋಡಿಯೇ ಹೇಳುತ್ತಿದ್ದೇನೆ.

ಎರಡು ವಿಷಯ ಇಲ್ಲಿ ಬರೆಯುವುದಿಲ್ಲ. ಸುತ್ತಿನ ಕೊನೆಯಲ್ಲಿ ಪಾದ ನೆಲಕ್ಕೆ ಕಚ್ಚದ ಹಾಗೆ ಇಡುವುದು ಹೇಗೆ ಅನ್ನುವುದು ಒಂದು. ಬಲಗಾಲಿನ ಗೆಜ್ಜೆಯನ್ನು ನಾನು ಈಗ ಕಟ್ಟುವ ರೀತಿ ಇನ್ನೊಂದು. ಅದು ನನ್ನ ಹೊಟ್ಟೆಪಾಡು. ಆಪರೇಷನ್ ಆದವರು ಯಾರಾದರೂ ಪತ್ತನಾಜೆ ಕಳೆದ ಮೇಲೆ ಮನೆಗೆ ಬಂದರೆ ಅಂಗಳದಲ್ಲಿ ತೋರಿಸುತ್ತೇನೆ, ದುಡ್ಡು ಬೇಡ.

ಉಳಿದಿರುವ ತೊಂದರೆಯನ್ನೂ ಹೇಳುತ್ತೇನೆ. ಗಾಯದ ಹೊರಬದಿಗೆ ಅಂಗೈಯಗಲ ಚರ್ಮ ಈಗಲೂ ಜೋಮು. ತೊಡೆಯ ಹುರಿ ತೆಗೆಯುವಾಗ ಚರ್ಮದ ಸಣ್ಣ ನರಕ್ಕೆ ಪೆಟ್ಟಾದರೆ ಹೀಗಾಗುತ್ತದಂತೆ, ಹೆದರಬೇಡಿ. ಮಂಡಿಯೂರಿ ಕೂತರೆ ನೋವು, ಅದಕ್ಕೆ ಇಜಾರಿನ ಒಳಗೆ ಸ್ಪಂಜು ಹೊಲಿಸಿದ್ದೇನೆ. ಹಿಮ್ಮಡಿಯನ್ನು ಪೃಷ್ಠದವರೆಗೆ ಎಳೆಯುವ ಶಕ್ತಿ ಎಡಗಾಲಿನಷ್ಟಿಲ್ಲ, ಹುರಿ ತೆಗೆದ ಜಾಗವಲ್ವಾ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಸ್ವಲ್ಪ ಸೆಳೆತ ಇದ್ದೇ ಇರುತ್ತದೆ. ಟೇಪು ಈಗಲೂ ದಿನಾ ಹಾಕುತ್ತೇನೆ, ಈಗ ಎಡಗಾಲಿಗೂ. ಇಪ್ಪತ್ತು ರೂಪಾಯಿಯ ಆ ಟೇಪು ಎಳೆದು ಎಳೆದು ಉದ್ದ ಆಗುತ್ತದೆ. ಆರು ತಿಂಗಳಿಗೊಮ್ಮೆ ಸ್ಟೀಲ್ ಸ್ಕೇಲಿಗೆ ಹಿಡಿದು ನೋಡಿ, ತಪ್ಪಿದ್ದರೆ ಹೊಸದು ತೆಗೆದುಕೊಳ್ಳಿ.